ಅಪ್ಪನ ರಕ್ತದ ಕ್ಯಾನ್ಸರ್, ತಂಗಿಯ ಮದುವೆ: ವರದಿಯಲ್ಲಿ ಬರೆದ ‘ಜೀನ್ ಬದಲಾವಣೆ’ ಯಾರಿಗೆ ಸೇರಿದ್ದು?

ಓದುಗರ ಪ್ರಶ್ನೆ:

“ನಮ್ಮದು ಕಲಬುರಗಿ ಜಿಲ್ಲೆ ಸೇಡಂ ತಾಲೂಕಿನ ಒಂದು ಹಳ್ಳಿ. ಅಪ್ಪನಿಗೆ 52 ವರ್ಷ. ತೊಗರಿ ಹೊಲವಿದೆ, ಬೇಸಿಗೆಯಲ್ಲಿ ಕಲ್ಲು ಗಣಿಯ ಕೆಲಸಕ್ಕೂ ಹೋಗುತ್ತಿದ್ದರು. ಕಳೆದ ವರ್ಷದಿಂದ ಸುಸ್ತು, ಎಡ ಪಕ್ಕೆಯ ಕೆಳಗೆ ಭಾರ, ಅರ್ಧ ರೊಟ್ಟಿ ತಿಂದರೆ ಹೊಟ್ಟೆ ತುಂಬಿತು ಎನ್ನುತ್ತಿದ್ದರು. ಗ್ಯಾಸ್ ಇರಬೇಕೆಂದು ಅದಕ್ಕೇ ಮಾತ್ರೆ ಕೊಡಿಸಿದೆವು. ಕೊನೆಗೆ ಕಲಬುರಗಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಬಿಳಿ ರಕ್ತಕಣ 1,86,000 ಬಂತು. ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್, ಬಿಸಿಆರ್-ಎಬಿಎಲ್ ಪಾಸಿಟಿವ್, ಜೀನ್ ಬದಲಾವಣೆಯಿಂದ ಬಂದದ್ದು ಎಂದು ಡಾಕ್ಟರು ಹೇಳಿ ಇಮಾಟಿನಿಬ್ 400 ಮಾತ್ರೆ ಶುರು ಮಾಡಿದರು. ಈಗ ನಾಲ್ಕು ತಿಂಗಳಾಗಿದೆ, ಬಿಳಿ ಕಣ 6,800ಕ್ಕೆ ಇಳಿದಿದೆ. ಮೂರನೇ ತಿಂಗಳ ಪಿಸಿಆರ್ ವರದಿಯಲ್ಲಿ 7.2 ಪರ್ಸೆಂಟ್ ಎಂದಿದೆ. ಕಣ ಸರಿಯಾದ ಮೇಲೆ ಮಾತ್ರೆ ಯಾಕೆ, ಬಿಟ್ಟು ನಾಟಿ ಔಷಧ ಮಾಡಿಸಿ ಎಂದು ಕೆಲವರು ಹೇಳುತ್ತಿದ್ದಾರೆ. ನನ್ನ ತಂಗಿಯನ್ನು ಅವ್ವನ ಖಾಸ ತಮ್ಮನಿಗೆ, ಅಂದರೆ ನಮ್ಮ ಸೋದರಮಾವನಿಗೆ ಕೊಡುವುದೆಂದು ಮಾತಾಗಿದೆ. ‘ಜೀನ್ ರೋಗ ಅಂದರೆ ರಕ್ತದಲ್ಲಿ ಬಂದದ್ದು, ನಾಳೆ ಹುಡುಗಿಗೂ ಅವಳ ಮಕ್ಕಳಿಗೂ ಬಂದರೆ?’ ಎಂದು ಈಗ ಅಜ್ಜಿಯ ಮನೆಯವರೇ ಹಿಂದೆಗೆಯುತ್ತಿದ್ದಾರೆ. ಹೊಲಕ್ಕೆ ಎಣ್ಣೆ ಹೊಡೆದದ್ದರಿಂದ ಹೀಗಾಯಿತೇ? ನಾವು ಮೂವರು ಮಕ್ಕಳೂ ಜೀನ್ ಪರೀಕ್ಷೆ ಮಾಡಿಸಬೇಕೇ?”

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ: ತಂದೆಯವರ ಚಿಕಿತ್ಸೆಯನ್ನು ಮುಂದುವರಿಸಬೇಕೇ ಎಂಬುದು, ಈ ಕಾಯಿಲೆ ಮಕ್ಕಳಿಗೆ ಇಳಿಯುತ್ತದೆಯೇ ಎಂಬುದು, ಮತ್ತು ತಂಗಿಯ ಮದುವೆ. ಮೊದಲಿಗೆ ನೇರ ಉತ್ತರವನ್ನು ಹೇಳಿಬಿಡುತ್ತೇನೆ. ನಿಮ್ಮ ತಂದೆಯವರಲ್ಲಿ ಆಗಿರುವ ಜೀನ್ ಬದಲಾವಣೆ ಅವರ ರಕ್ತ ತಯಾರಿಸುವ ಕೋಶಗಳಿಗೆ ಮಾತ್ರ ಸೇರಿದ್ದು. ಅದು ನಿಮಗೆ ಬಂದಿಲ್ಲ, ನಿಮ್ಮ ತಂಗಿಯ ಮೂಲಕ ಅವರ ಮಕ್ಕಳಿಗೆ ಹೋಗುವುದೂ ಇಲ್ಲ. ಮಾತ್ರೆಯನ್ನು ಬಿಡಬಾರದು. ಮದುವೆಯ ವಿಷಯದಲ್ಲಿ ಕೇಳಲೇಬೇಕಾದ ಒಂದು ವೈದ್ಯಕೀಯ ಪ್ರಶ್ನೆ ನಿಜವಾಗಿಯೂ ಇದೆ, ಆದರೆ ಅದು ನಿಮ್ಮ ತಂದೆಯ ಕಡೆಯಿಂದ ಬರುವಂಥದ್ದಲ್ಲ.

ಇದು ಹೇಗೆ ಎಂದು ತಿಳಿಯಬೇಕಾದರೆ ಜೀವಕೋಶ ಒಡೆದು ಎರಡಾಗುವಾಗ ಏನು ನಡೆಯುತ್ತದೆಂಬುದನ್ನು ಸ್ವಲ್ಪ ನೋಡಬೇಕು. ವಯಸ್ಕರ ಅಸ್ಥಿಮಜ್ಜೆ, ಅಂದರೆ ಮೂಳೆಯೊಳಗೆ ರಕ್ತ ತಯಾರಾಗುವ ಮೆದು ಭಾಗ, ದಿನವೊಂದಕ್ಕೆ ಸುಮಾರು 20 ಸಾವಿರ ಕೋಟಿ ಕೆಂಪು ರಕ್ತಕಣಗಳನ್ನೇ ತಯಾರಿಸುತ್ತದೆ. ಬಿಳಿ ಕಣ ಮತ್ತು ಪ್ಲೇಟ್‌ಲೆಟ್‌ಗಳು ಬೇರೆ. ಇವುಗಳನ್ನು ಹುಟ್ಟಿಸುವ ಕೋಶಗಳು ಪ್ರತಿಸಲ ವಿಭಜನೆಗೊಳ್ಳುವ ಮುಂಚೆ ತಮ್ಮ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಿಕೊಳ್ಳಬೇಕು. ತಂದೆಯಿಂದ ಬಂದ ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿದ್ದರೆ ತಾಯಿಯಿಂದ ಬಂದ ಪ್ರತಿಯಲ್ಲಿಯೂ ಅಷ್ಟೇ ಇರುತ್ತವೆ. ಇಷ್ಟನ್ನು ನಕಲು ಮಾಡುವಾಗ ತಪ್ಪಾಗದೆ ಇರುವುದಿಲ್ಲ. ಆದ ತಪ್ಪುಗಳಲ್ಲಿ ಬಹುಪಾಲನ್ನು ಕೋಶದೊಳಗಿನ ಕಿಣ್ವಗಳು ಆಗಿಂದಾಗಲೇ ಗುರುತಿಸಿ ತಿದ್ದುತ್ತವೆ. ತಿದ್ದಲಾಗದಷ್ಟು ಹಾನಿಯಾಗಿದ್ದರೆ ಪಿ53 ಎಂಬ ಪ್ರೋಟೀನ್ ವಿಭಜನೆಯನ್ನೇ ತಡೆಹಿಡಿಯುತ್ತದೆ, ಇಲ್ಲವೇ ಆ ಕೋಶ ತಾನಾಗಿ ಸಾಯುವಂತೆ ಮಾಡುತ್ತದೆ. ಹಾಗಿದ್ದರೂ ಕೆಲವು ತಪ್ಪುಗಳು ನುಸುಳಿ ಉಳಿದುಬಿಡುತ್ತವೆ. ವೈದ್ಯರು ಮ್ಯುಟೇಶನ್ ಎನ್ನುವುದು ಹೀಗೆ ಉಳಿದ ಬದಲಾವಣೆಗಳಿಗೆ. ಇವು ನಿಮ್ಮಲ್ಲಿಯೂ ಇವೆ, ನನ್ನಲ್ಲಿಯೂ ಇವೆ, ವಯಸ್ಸಾದಂತೆ ಹೆಚ್ಚುತ್ತಲೂ ಹೋಗುತ್ತವೆ. ಹೆಚ್ಚಿನವು ಪ್ರೋಟೀನ್ ತಯಾರಿಕೆಗೆ ಸಂಬಂಧವಿಲ್ಲದ ಜಾಗದಲ್ಲಿ ಬಿದ್ದು ಯಾವ ತೊಂದರೆಯನ್ನೂ ಮಾಡುವುದಿಲ್ಲ.

ತೊಂದರೆ ಕೊಡುವ ಬದಲಾವಣೆಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಕೋಶದ ಕೆಲಸವನ್ನು ಕೆಡಿಸುತ್ತವೆ. ಸಿಕಲ್ ಸೆಲ್ ಕಾಯಿಲೆಯಲ್ಲಿ ಹಿಮೋಗ್ಲೋಬಿನ್ ಜೀನಿನ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಅದರಿಂದ ಪ್ರೋಟೀನಿನ 6ನೇ ಸ್ಥಾನದಲ್ಲಿ ಗ್ಲುಟಮಿಕ್ ಆಮ್ಲದ ಬದಲು ವೇಲಿನ್ ಬಂದು ಕೂರುತ್ತದೆ, ಆಮ್ಲಜನಕ ಕಡಿಮೆಯಾದಾಗ ಕೆಂಪು ಕಣ ಕುಡುಗೋಲಿನ ಆಕಾರಕ್ಕೆ ತಿರುಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಕೋಶವಿಭಜನೆಯ ಹಿಡಿತ ತಪ್ಪಿರುವುದಿಲ್ಲ, ಆದ್ದರಿಂದ ಅದು ಕ್ಯಾನ್ಸರ್ ಅಲ್ಲ. ಇನ್ನು ಕೆಲವು ಬದಲಾವಣೆಗಳು ‘ಯಾವಾಗ ಒಡೆಯಬೇಕು, ಯಾವಾಗ ನಿಲ್ಲಬೇಕು, ಯಾವಾಗ ಸಾಯಬೇಕು’ ಎಂಬ ಹಿಡಿತವನ್ನೇ ಸಡಿಲಿಸುತ್ತವೆ. ನಿಮ್ಮ ತಂದೆಯವರದು ಈ ಎರಡನೆಯ ಬಗೆ.

ಅವರ ಅಸ್ಥಿಮಜ್ಜೆಯ ಒಂದು ಆಕರ ಕೋಶದಲ್ಲಿ, ಅಂದರೆ ಎಲ್ಲ ರಕ್ತಕಣಗಳಿಗೂ ಮೂಲವಾದ ಕೋಶಗಳಲ್ಲಿ ಒಂದರಲ್ಲಿ, 9ನೇ ವರ್ಣತಂತುವಿನ (ಕ್ರೋಮೋಸೋಮ್, ಡಿಎನ್‌ಎ ಸುತ್ತಿಕೊಂಡಿರುವ ಎಳೆ) ತುದಿಯ ತುಂಡೂ 22ನೇ ವರ್ಣತಂತುವಿನ ತುಂಡೂ ಮುರಿದು ಪರಸ್ಪರ ಅದಲುಬದಲಾಗಿ ಅಂಟಿಕೊಂಡಿವೆ. ಹೀಗಾದಾಗ 22ನೆಯದು ಗಿಡ್ಡವಾಗುತ್ತದೆ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಇದನ್ನು ಸೂಕ್ಷ್ಮದರ್ಶಕದಲ್ಲಿ ಮೊದಲು ಗುರುತಿಸಿದ್ದರಿಂದ ಅದಕ್ಕೆ ಫಿಲಡೆಲ್ಫಿಯಾ ವರ್ಣತಂತು ಎಂಬ ಹೆಸರು ಬಂತು. ತುಂಡು ಕಳೆದುಹೋಗಿಲ್ಲ, ಸ್ಥಳ ಬದಲಿಸಿದೆ ಎಂಬುದನ್ನು 1973ರಲ್ಲಿ ಜಾನೆಟ್ ರೌಲಿ ತೋರಿಸಿಕೊಟ್ಟರು. ಈ ಅದಲುಬದಲಿನಲ್ಲಿ 22ರ ಮೇಲಿನ ಬಿಸಿಆರ್ ಜೀನಿಗೆ 9ರ ಮೇಲಿದ್ದ ಎಬಿಎಲ್ ಜೀನ್ ಅಂಟಿಕೊಂಡು ಒಂದು ಹೊಸ ಪ್ರೋಟೀನ್ ಹುಟ್ಟುತ್ತದೆ. ಎಬಿಎಲ್ ಸಾಮಾನ್ಯವಾಗಿ ಬೇಕಾದಾಗ ಚಾಲೂ ಆಗಿ ಬೇಡವಾದಾಗ ನಿಲ್ಲುವ ಕಿಣ್ವ. ಬೋರ್‌ವೆಲ್ ಮೋಟಾರಿನ ಸ್ಟಾರ್ಟರಿನಲ್ಲಿ ಬಂದ್ ಮಾಡುವ ಗುಂಡಿಯೇ ಕಿತ್ತುಹೋದರೆ ಹೇಗೋ ಹಾಗೆ, ಹೊಸ ಪ್ರೋಟೀನ್ ಸದಾ ಚಾಲೂ ಸ್ಥಿತಿಯಲ್ಲಿಯೇ ಇರುತ್ತದೆ. ಆ ಒಂದು ಕೋಶದ ಸಂತತಿ ಬೆಳೆಯುತ್ತ, ಸಾಯಬೇಕಾದಾಗ ಸಾಯದೆ, ಕ್ರಮೇಣ ಮಜ್ಜೆಯನ್ನೆಲ್ಲ ಆಕ್ರಮಿಸುತ್ತದೆ.

ಈ ರೋಗದ ಮೊದಲ ಘಟ್ಟದಲ್ಲಿ ಒಂದು ವಿಶೇಷವಿದೆ. ಹೆಚ್ಚಾಗಿ ಹುಟ್ಟಿದ ಬಿಳಿ ಕಣಗಳು ಬಲಿತು, ತಮ್ಮ ಕೆಲಸವನ್ನು ತಕ್ಕಮಟ್ಟಿಗೆ ಮಾಡುತ್ತಿರುತ್ತವೆ. ಆದ್ದರಿಂದಲೇ ಬಿಳಿ ಕಣ ಲಕ್ಷ ದಾಟಿದವರೂ ನಡೆದುಕೊಂಡೇ ಆಸ್ಪತ್ರೆಗೆ ಬರುತ್ತಾರೆ. ಹೆಚ್ಚಾದ ಕಣಗಳು ಎಡ ಪಕ್ಕೆಯ ಕೆಳಗಿರುವ ಗುಲ್ಮದಲ್ಲಿ (ಸ್ಪ್ಲೀನ್) ತುಂಬಿಕೊಂಡು ಅದು ಊದಿಕೊಳ್ಳುತ್ತದೆ, ಪಕ್ಕದಲ್ಲಿರುವ ಜಠರವನ್ನು ಒತ್ತುತ್ತದೆ. ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿದಂತಾಗುತ್ತಿದ್ದುದು ಇದರಿಂದ. ನೀವು ಅದನ್ನು ಗ್ಯಾಸ್ ಎಂದುಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ, ನಮ್ಮ ಭಾಗದಲ್ಲಿ ಎಡಹೊಟ್ಟೆಯ ಭಾರಕ್ಕೆ ಮೊದಲು ಸಿಗುವ ಹೆಸರೇ ಅದು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಮಾತ್ರ ಈ ಸೌಮ್ಯ ಘಟ್ಟ ಶಾಶ್ವತವಾಗಿ ಉಳಿಯುವುದಿಲ್ಲ. ಅಂಕೆಯಿಲ್ಲದ ವಿಭಜನೆಯಲ್ಲಿ ಹೊಸ ಹೊಸ ಮ್ಯುಟೇಶನ್‌ಗಳು ಕೂಡಿಕೊಂಡು, ಕೆಲವು ವರ್ಷಗಳಲ್ಲಿ ಕೋಶಗಳು ಬಲಿಯುವುದನ್ನೇ ನಿಲ್ಲಿಸುತ್ತವೆ, ರೋಗ ತೀವ್ರ ರಕ್ತದ ಕ್ಯಾನ್ಸರಾಗಿ ತಿರುಗುತ್ತದೆ.

ಈಗ ವಂಶದ ಮಾತಿಗೆ ಬರೋಣ. ತಂದೆಯಿಂದ ಮಕ್ಕಳಿಗೆ ಹೋಗಬೇಕಾದರೆ ಬದಲಾವಣೆ ವೀರ್ಯಾಣುವಿನಲ್ಲಿರಬೇಕು. ನಿಮ್ಮ ತಂದೆಯವರಲ್ಲಿ ಅದು ಆಗಿರುವುದು ಮಜ್ಜೆಯ ಒಂದು ಕೋಶದಲ್ಲಿ, ಅದೂ ನೀವೆಲ್ಲ ಹುಟ್ಟಿ ಬೆಳೆದ ಎಷ್ಟೋ ಕಾಲದ ನಂತರ. ಅವರ ಚರ್ಮದಲ್ಲಿ, ಯಕೃತ್ತಿನಲ್ಲಿ, ವೀರ್ಯಾಣುಗಳಲ್ಲಿ ಅದು ಇರುವುದಿಲ್ಲ. ಒಂದೇ ಭ್ರೂಣದಿಂದ ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಈ ಕಾಯಿಲೆ ಬಂದಾಗ ಇನ್ನೊಬ್ಬರ ರಕ್ತದಲ್ಲಿ ಫಿಲಡೆಲ್ಫಿಯಾ ವರ್ಣತಂತು ಕಾಣದಿರುವುದನ್ನು ವೈದ್ಯರು ದಾಖಲಿಸಿದ್ದಾರೆ; ಹುಟ್ಟಿನಿಂದ ಬಂದದ್ದಾಗಿದ್ದರೆ ಇಬ್ಬರಲ್ಲಿಯೂ ಇರಬೇಕಿತ್ತು. ಜನರ ಗೊಂದಲಕ್ಕೂ ಕಾರಣವಿದೆ, ಏಕೆಂದರೆ ವಂಶದಲ್ಲಿ ಹರಿಯುವ ಕ್ಯಾನ್ಸರ್ ಜೀನ್‌ಗಳು ನಿಜವಾಗಿಯೂ ಇವೆ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ ಬಿಆರ್‌ಸಿಎ1 ದೋಷ ತಂದೆಯಲ್ಲಾಗಲಿ ತಾಯಿಯಲ್ಲಾಗಲಿ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ನೂರಕ್ಕೆ ಐವತ್ತು. ಅಂಥ ಕುಟುಂಬಗಳಲ್ಲಿ ಅಣ್ಣತಮ್ಮ, ಅಕ್ಕತಂಗಿಯರ ಪರೀಕ್ಷೆಗೆ ಅರ್ಥವಿದೆ. ಎರಡನ್ನೂ ‘ಜೀನ್ ರೋಗ’ ಎಂಬ ಒಂದೇ ಮಾತಿನಲ್ಲಿ ಹೇಳಿ ಕಳುಹಿಸುವುದು ನಮ್ಮ ವೈದ್ಯರದೇ ಅಭ್ಯಾಸ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಆಡಿದ ಆ ಒಂದು ಮಾತು ಊರಿಗೆ ಹೋಗಿ ಮದುವೆ ಮುರಿಯುವ ಮಟ್ಟಕ್ಕೆ ಬೆಳೆಯುತ್ತದೆ.

ಎಣ್ಣೆ, ಅಂದರೆ ಕ್ರಿಮಿನಾಶಕ, ಹೊಡೆದದ್ದರಿಂದ ಬಂತೇ ಎಂದು ಕೇಳಿದ್ದೀರಿ. ಈ ಕಾಯಿಲೆಗೆ ಖಚಿತವಾಗಿ ಗೊತ್ತಿರುವ ಹೊರಗಿನ ಕಾರಣ ಹೆಚ್ಚಿನ ಪ್ರಮಾಣದ ವಿಕಿರಣ ಒಂದೇ. 1945ರ ಅಣುಬಾಂಬಿನಿಂದ ಬದುಕುಳಿದ ಜಪಾನಿನ ಜನರಲ್ಲಿ ಇದು ಹೆಚ್ಚಾದದ್ದು ಕಂಡುಬಂದಿದೆ. ಉಳಿದ ಬಹುತೇಕ ರೋಗಿಗಳಲ್ಲಿ ಯಾವ ಕಾರಣವೂ ಸಿಗುವುದಿಲ್ಲ. ಪೂರ್ಣ ಆರೋಗ್ಯವಂತರ ರಕ್ತದಲ್ಲಿಯೂ ಅತಿ ಸೂಕ್ಷ್ಮ ಪರೀಕ್ಷೆ ಮಾಡಿದರೆ ಬಿಸಿಆರ್-ಎಬಿಎಲ್ ಜೋಡಣೆಯುಳ್ಳ ಒಂದೆರಡು ಕೋಶಗಳು ಕೆಲವೊಮ್ಮೆ ಸಿಗುತ್ತವೆ, ಅವರಿಗೆ ರೋಗ ಬಂದಿರುವುದಿಲ್ಲ. ಅಂದರೆ ಇಂಥ ಮುರಿತಗಳು ಆಗಾಗ ಆಗುತ್ತಿರುತ್ತವೆ, ಅದು ಆಕರ ಕೋಶದಲ್ಲಿಯೇ ಆಗಿ ನೆಲೆಯೂರಿದಾಗ ಮಾತ್ರ ಕಾಯಿಲೆಯಾಗುತ್ತದೆ. ಕ್ರಿಮಿನಾಶಕದ ಡಬ್ಬಿಯನ್ನು ಬರಿಗೈಯಲ್ಲಿ ಕಲಸುವುದರಿಂದ ವಿಷವೇರುವ ಅಪಾಯ ಬೇರೆ, ಗಣಿಯ ದೂಳು ಶ್ವಾಸಕೋಶಕ್ಕೆ ಮಾಡುವ ಹಾನಿ ಬೇರೆ. ಈ ರೋಗದ ಹೊಣೆಯನ್ನು ಅವುಗಳ ಮೇಲೆ ಹಾಕಲು ಆಧಾರವಿಲ್ಲ. ತಾನೇ ತಂದುಕೊಂಡ ಕಾಯಿಲೆ ಎಂದು ನಿಮ್ಮ ತಂದೆಯವರು ಕೊರಗುತ್ತಿದ್ದರೆ ಇದನ್ನು ಅವರಿಗೆ ಓದಿ ಹೇಳಿ.

ಮಾತ್ರೆಯ ವಿಷಯದಲ್ಲಿ ನಾನು ತುಸು ದೀರ್ಘವಾಗಿ ಬರೆಯಬೇಕಾಗಿದೆ, ಏಕೆಂದರೆ ನನ್ನ ಅನುಭವದಲ್ಲಿ ಈ ರೋಗದಲ್ಲಿ ಜನರು ಸೋಲುವುದು ಕಾಯಿಲೆಯಿಂದಲ್ಲ, ಹುಷಾರಾದ ಮೇಲೆ ಮಾತ್ರೆ ನಿಲ್ಲಿಸುವುದರಿಂದ. ಇಮಾಟಿನಿಬ್ ಎಂಬುದು ಆ ಸದಾ ಚಾಲೂ ಇರುವ ಪ್ರೋಟೀನಿನ ಒಳಗೆ, ಅದಕ್ಕೆ ಶಕ್ತಿ ಒದಗಿಸುವ ಎಟಿಪಿ ಬಂದು ಕೂರುವ ಜಾಗದಲ್ಲಿ ತಾನು ಕೂತು ಅದರ ಕೆಲಸವನ್ನು ತಡೆಯುತ್ತದೆ. ಅಮೆರಿಕದಲ್ಲಿ 2001ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಮೊದಲು ಇದನ್ನು ತೆಗೆದುಕೊಂಡ ರೋಗಿಗಳ ಅಂತರರಾಷ್ಟ್ರೀಯ ಅಧ್ಯಯನದಲ್ಲಿ 10 ವರ್ಷಗಳ ನಂತರ ನೂರಕ್ಕೆ 83ರಷ್ಟು ಜನ ಬದುಕಿದ್ದರು. ನಮ್ಮ ದೇಶದಲ್ಲಿ ಇದರ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಿರಸ್ಕರಿಸಿದ್ದರಿಂದ ಭಾರತೀಯ ಕಂಪನಿಗಳ ಅಗ್ಗದ ಜೆನೆರಿಕ್ ಮಾತ್ರೆಗಳು ಮಾರುಕಟ್ಟೆಯಲ್ಲಿ ಉಳಿದವು. ಅಗ್ಗವಾಗಿದೆಯೆಂದು ಅದರ ಗುಣವನ್ನು ಶಂಕಿಸುವವರಿದ್ದಾರೆ, ಅದಕ್ಕೆ ಕಾರಣವಿಲ್ಲ. ನಾವು ನೋಡಬೇಕಾದದ್ದು ವರದಿಯನ್ನು.

ಬಿಳಿ ಕಣ 6,800ಕ್ಕೆ ಇಳಿದಿದೆ ಎಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದು ಅರ್ಥ, ರೋಗದ ಕೋಶಗಳು ಮುಗಿದಿವೆ ಎಂದಲ್ಲ. ಅದನ್ನು ಹೇಳುವುದು ರಕ್ತದಲ್ಲಿ ಬಿಸಿಆರ್-ಎಬಿಎಲ್ ಜೋಡಣೆ ಎಷ್ಟಿದೆಯೆಂದು ಅಳೆಯುವ ಪಿಸಿಆರ್ ಪರೀಕ್ಷೆ. ಅಂತರರಾಷ್ಟ್ರೀಯ ಅಳತೆಯಲ್ಲಿ ಬಿಸಿಆರ್-ಎಬಿಎಲ್ ಪ್ರಮಾಣ ಮೂರು ತಿಂಗಳಿಗೆ 10 ಪರ್ಸೆಂಟ್‌ನೊಳಗೆ, ಆರು ತಿಂಗಳಿಗೆ 1 ಪರ್ಸೆಂಟ್‌ನೊಳಗೆ, ಹನ್ನೆರಡು ತಿಂಗಳಿಗೆ 0.1 ಪರ್ಸೆಂಟ್‌ನೊಳಗೆ ಬಂದರೆ ಹಾದಿ ಸರಿಯಿದೆ ಎಂದು ನಾವು ಹೇಳುತ್ತೇವೆ. ನಿಮ್ಮ ತಂದೆಯವರ 7.2 ಮೂರನೇ ತಿಂಗಳಿಗೆ ಸಮಾಧಾನಕರ. ಆದರೆ ಅದೇ 7.2 ಹೇಳುವ ಇನ್ನೊಂದು ಸಂಗತಿಯೆಂದರೆ, ರೋಗದ ಕೋಶಗಳು ಇನ್ನೂ ಬೇಕಾದಷ್ಟಿವೆ. ಈಗ ನಿಲ್ಲಿಸಿದರೆ ಬಿಳಿ ಕಣ ಮತ್ತೆ ಏರುವುದು ಬಹುತೇಕ ನಿಶ್ಚಿತ. ಪೂರ್ತಿ ನಿಲ್ಲಿಸದೆ ದಿನ ಬಿಟ್ಟು ದಿನ ನುಂಗುವುದೂ ಅಪಾಯವೇ. ತಿಂಗಳಲ್ಲಿ ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಮಾತ್ರೆ ತಪ್ಪಿಸುವವರಲ್ಲಿ ಪಿಸಿಆರ್ ಸಂಖ್ಯೆ ಕೆಳಗಿಳಿಯುವುದೇ ಕಷ್ಟ. ಔಷಧದ ಮಟ್ಟ ಕಡಿಮೆಯಿರುವಾಗ ಬದುಕುಳಿದ ಕೋಶಗಳು ಒಡೆಯುತ್ತಲೇ ಇರುತ್ತವೆ, ಆ ಒಡೆಯುವಿಕೆಯಲ್ಲಿ ಎಬಿಎಲ್ ಭಾಗದಲ್ಲಿಯೇ ಮತ್ತೊಂದು ಮ್ಯುಟೇಶನ್ ಆಗಿ, ಮಾತ್ರೆ ಕೂರುವ ಜಾಗದ ಆಕಾರವೇ ಬದಲಾಗಬಹುದು. ಟಿ315ಐ ಎಂಬ ಬದಲಾವಣೆಯಾದರೆ ಇಮಾಟಿನಿಬ್ ಮಾತ್ರವಲ್ಲ, ಅದೇ ಗುಂಪಿನ ಡಸಾಟಿನಿಬ್ ಮತ್ತು ನಿಲೋಟಿನಿಬ್ ಮಾತ್ರೆಗಳು ಕೂಡ ನಡೆಯುವುದಿಲ್ಲ. ಆಗ ಬೇಕಾಗುವ ಪೊನಾಟಿನಿಬ್‌ನಂಥ ಔಷಧಗಳು ದುಬಾರಿ, ಅಡ್ಡಪರಿಣಾಮಗಳೂ ಹೆಚ್ಚು.

ಇಮಾಟಿನಿಬ್‌ಗೂ ಅಡ್ಡಪರಿಣಾಮಗಳಿವೆ. ಬೆಳಿಗ್ಗೆ ಕಣ್ಣಿನ ಸುತ್ತ ಬಾವು, ಮೀನಖಂಡಗಳಲ್ಲಿ ಸೆಳೆತ, ವಾಕರಿಕೆ, ಭೇದಿ ಸಾಮಾನ್ಯ. ಊಟದ ಜೊತೆ, ದೊಡ್ಡ ಲೋಟ ನೀರಿನೊಂದಿಗೆ ನುಂಗಿದರೆ ವಾಕರಿಕೆ ಬಹಳಮಟ್ಟಿಗೆ ತಗ್ಗುತ್ತದೆ. ಸಹಿಸಲಾಗದಿದ್ದರೆ ಬೇರೆ ಮಾತ್ರೆಗೆ ಬದಲಾಯಿಸುವ ದಾರಿಯಿದೆ, ಅದನ್ನು ವೈದ್ಯರಿಗೆ ಹೇಳಿ ಮಾಡಬೇಕೇ ಹೊರತು ಮಾತ್ರೆಯನ್ನು ಸುಮ್ಮನೆ ಬಿಟ್ಟುಬಿಡಬಾರದು. ನಾಟಿ ಔಷಧದ ಬಗ್ಗೆ ನನ್ನ ತಕರಾರು ಎರಡು. ಮೊದಲನೆಯದಾಗಿ, ಫಿಲಡೆಲ್ಫಿಯಾ ವರ್ಣತಂತುವುಳ್ಳ ಕೋಶಗಳನ್ನು ಈ ಮಾತ್ರೆಯಂತೆ ಅಡಗಿಸುತ್ತದೆಂದು ಸಾಬೀತಾದ ನಾಟಿ ಔಷಧ ಯಾವುದೂ ಇಲ್ಲ. ಎರಡನೆಯದಾಗಿ, ಇಮಾಟಿನಿಬ್ ಯಕೃತ್ತಿನ ಮೂಲಕವೇ ಕರಗಿಹೋಗುವ ಔಷಧವಾದ್ದರಿಂದ ಜೊತೆಯಲ್ಲಿ ಏನಿದೆಯೆಂದು ಗೊತ್ತಿಲ್ಲದ ಪುಡಿ ಸೇರಿದರೆ ಅದರ ಮಟ್ಟ ಏರಲೂಬಹುದು, ಇಳಿಯಲೂಬಹುದು. ಇದು ಆಸ್ಪತ್ರೆಯ ಔಷಧಗಳಿಗೂ ಅನ್ವಯಿಸುತ್ತದೆ: ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಮಾಟಿನಿಬ್‌ನ ಮಟ್ಟವನ್ನು ತೀವ್ರವಾಗಿ ಕುಗ್ಗಿಸುತ್ತದೆ. ಮುಂದೆ ಯಾವಾಗಲಾದರೂ ಅವರಿಗೆ ಟಿಬಿ ಚಿಕಿತ್ಸೆ ಬೇಕಾದರೆ ಈ ಮಾತ್ರೆಯ ಚೀಟಿಯನ್ನು ಮೊದಲು ತೋರಿಸಿ.

ಜೀವನವಿಡೀ ನುಂಗಬೇಕೇ? ಎಲ್ಲರೂ ಹಾಗೆ ಮಾಡಬೇಕಾಗಿಲ್ಲ. ಹಲವು ವರ್ಷ ಸರಿಯಾಗಿ ಮಾತ್ರೆ ತೆಗೆದುಕೊಂಡು, ಪಿಸಿಆರ್ ಅತಿ ಕೆಳಮಟ್ಟದಲ್ಲಿ ಎರಡು-ಮೂರು ವರ್ಷ ಸ್ಥಿರವಾಗಿ ನಿಂತವರಲ್ಲಿ ವೈದ್ಯರ ನಿಗಾದಲ್ಲಿ ನಿಲ್ಲಿಸಿ ನೋಡಬಹುದು. ಅಂಥವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರೋಗ ಮತ್ತೆ ಕಾಣಿಸಿಕೊಳ್ಳುತ್ತದೆ, ಹೆಚ್ಚಾಗಿ ಮೊದಲ ಆರು ತಿಂಗಳಲ್ಲಿ. ಮಾತ್ರೆ ಮರಳಿ ಕೊಟ್ಟರೆ ಬಹುಪಾಲು ಜನರಲ್ಲಿ ಹಿಡಿತಕ್ಕೆ ಬರುತ್ತದೆ. ಆದರೆ ಆ ಅವಧಿಯಲ್ಲಿ ತಿಂಗಳಿಗೊಮ್ಮೆ ಪಿಸಿಆರ್ ಬೇಕು. ನಾಲ್ಕು ತಿಂಗಳಿಗೆ ಬಿಡುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮಜ್ಜೆ ಕಸಿ ಮಾಡಿಸಿದರೆ ಒಮ್ಮೆಗೇ ಮುಗಿಯುವುದಲ್ಲವೇ ಎಂದು ಯಾರಾದರೂ ಹೇಳಿದರೆ, ಮಾತ್ರೆಗಳು ವಿಫಲವಾದವರಿಗೂ ರೋಗ ಮುಂದುವರಿದ ಘಟ್ಟದಲ್ಲಿರುವವರಿಗೂ ಅದನ್ನು ಮೀಸಲಿಟ್ಟಿದ್ದೇವೆ ಎಂದು ತಿಳಿಯಿರಿ, ಕಸಿಯಲ್ಲಿಯೇ ಜೀವಾಪಾಯವಿದೆ.

ಇನ್ನು ತಂಗಿಯ ಮದುವೆ. ನಿಮ್ಮ ಅಜ್ಜಿಯ ಮನೆಯವರು ಹೆದರುತ್ತಿರುವುದು ನಿಮ್ಮ ತಂದೆಯ ರಕ್ತಕ್ಕೆ. ವರನಾದ ಸೋದರಮಾವನಿಗೂ ನಿಮ್ಮ ತಂದೆಗೂ, ಅವರಿಬ್ಬರೂ ಮೊದಲೇ ಬಳಗದವರಲ್ಲದಿದ್ದರೆ, ರಕ್ತಸಂಬಂಧವೇ ಇಲ್ಲ. ಆದರೆ ವರನೂ ನಿಮ್ಮ ತಾಯಿಯೂ ಒಡಹುಟ್ಟಿದವರು. ಸೋದರಮಾವ ಮತ್ತು ಅಕ್ಕನ ಮಗಳು ತಮ್ಮ ಜೀನ್‌ಗಳಲ್ಲಿ ಸರಾಸರಿ ಕಾಲು ಭಾಗವನ್ನು ಹಂಚಿಕೊಂಡಿರುತ್ತಾರೆ. ಮಾವನ ಮಗ ಅಥವಾ ಅತ್ತೆಯ ಮಗನಾದರೆ ಅದು ಎಂಟನೇ ಒಂದು ಭಾಗ. ನಮ್ಮಲ್ಲಿ ಪ್ರತಿಯೊಬ್ಬರೂ ಕೆಲವು ಕೆಟ್ಟ ಜೀನ್‌ಗಳ ಒಂದೊಂದು ಪ್ರತಿಯನ್ನು ಹೊತ್ತಿರುತ್ತೇವೆ. ಇನ್ನೊಂದು ಪ್ರತಿ ಚೆನ್ನಾಗಿರುವುದರಿಂದ ನಮಗೆ ಏನೂ ಆಗುವುದಿಲ್ಲ. ಅಜ್ಜ-ಅಜ್ಜಿಯಿಂದ ಬಂದ ಅದೇ ಕೆಟ್ಟ ಪ್ರತಿ ಗಂಡನಲ್ಲಿಯೂ ಹೆಂಡತಿಯಲ್ಲಿಯೂ ಇದ್ದರೆ, ಪ್ರತಿ ಬಸಿರಿನಲ್ಲಿಯೂ ಮಗುವಿಗೆ ಎರಡೂ ಕೆಟ್ಟ ಪ್ರತಿಗಳು ಬರುವ ಸಾಧ್ಯತೆ ನೂರಕ್ಕೆ ಇಪ್ಪತ್ತೈದು. ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಥಲಸ್ಸೇಮಿಯಾ, ಸಿಕಲ್ ಸೆಲ್, ಹುಟ್ಟು ಕಿವುಡುತನದ ಕೆಲವು ಬಗೆಗಳು, ದೇಹ ಆಹಾರವನ್ನು ಬಳಸಿಕೊಳ್ಳುವ ಕ್ರಿಯೆಯಲ್ಲಿ ದೋಷವಿದ್ದು ಶೈಶವದಲ್ಲಿಯೇ ಜೀವ ತೆಗೆಯುವ ಕೆಲವು ಕಾಯಿಲೆಗಳು ಹೀಗೆ ಬರುತ್ತವೆ. ಸಾಮಾನ್ಯ ದಂಪತಿಗಳಲ್ಲಿ ಗಂಭೀರ ಹುಟ್ಟುದೋಷದ ಸಾಧ್ಯತೆ ನೂರಕ್ಕೆ 2-3ರಷ್ಟಿದ್ದರೆ, ಮಾವನ ಮಗ-ಅತ್ತೆಯ ಮಗಳಂಥ ಜೋಡಿಯಲ್ಲಿ ಸುಮಾರು ಅದರ ಎರಡು ಪಟ್ಟು. ಸೋದರಮಾವನಾದರೆ ಅದಕ್ಕಿಂತಲೂ ಹೆಚ್ಚು. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ ಎಂಬುದೂ ಅಷ್ಟೇ ನಿಜ, ನಿಮ್ಮ ಓಣಿಯಲ್ಲಿಯೇ ಎಷ್ಟೋ ಉದಾಹರಣೆಗಳು ಸಿಗುತ್ತವೆ. ನಿಮ್ಮ ತಂದೆ-ತಾಯಿಯೂ ಸಂಬಂಧದೊಳಗೇ ಮದುವೆಯಾದವರಾಗಿದ್ದರೆ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಅದನ್ನು ನೀವು ಬರೆದಿಲ್ಲ.

ಮದುವೆ ಮಾಡಬೇಕೇ ಬೇಡವೇ ಎಂದು ಹೇಳುವುದು ನನ್ನ ಕೆಲಸವಲ್ಲ. ನಿಮ್ಮ ಮುಂದಿರುವ ದಾರಿಗಳು ಇಷ್ಟು. ರಕ್ತಸಂಬಂಧವಿಲ್ಲದ ಬೇರೆ ವರನನ್ನು ನೋಡಿದರೆ ಈ ಹೆಚ್ಚುವರಿ ಅಪಾಯ ಇರುವುದಿಲ್ಲ. ಇದೇ ಸಂಬಂಧ ನಿಶ್ಚಯವಾದರೆ, ಮಾತು ಮುಂದುವರಿಯುವ ಮುನ್ನ ಹುಡುಗ-ಹುಡುಗಿ ಇಬ್ಬರಿಗೂ ಸಿಬಿಸಿ ಮತ್ತು ಎಚ್‌ಪಿಎಲ್‌ಸಿ ಎಂಬ ರಕ್ತ ಪರೀಕ್ಷೆ ಮಾಡಿಸಿ. ಥಲಸ್ಸೇಮಿಯಾ ಮತ್ತು ಸಿಕಲ್ ಸೆಲ್ ಜೀನನ್ನು ಹೊತ್ತವರನ್ನು ಅದು ಹೆಚ್ಚಿನಂಶ ಹಿಡಿಯುತ್ತದೆ. ಹುಡುಗಿಗೆ ಕಬ್ಬಿಣಾಂಶದ ಕೊರತೆ ತೀವ್ರವಾಗಿದ್ದರೆ ಮಾತ್ರ ಥಲಸ್ಸೇಮಿಯಾವನ್ನು ತೋರಿಸುವ ಸಂಖ್ಯೆ ಸುಳ್ಳಾಗಿ ಕಡಿಮೆ ಬರಬಹುದಾದ್ದರಿಂದ ವರದಿಯನ್ನು ತಿಳಿದವರಿಗೇ ತೋರಿಸಬೇಕು. ಆಮೇಲೆ ನಿಮ್ಮ ಅಜ್ಜಿಯ ಬಳಿ ಕೂತು ಕೇಳಿ: ಅವ್ವನ ತವರಿನ ಕಡೆ ಹುಟ್ಟಿ ವರ್ಷದೊಳಗೆ ಹೋದ ಕೂಸುಗಳೆಷ್ಟು, ಮಾತು ಬಾರದ, ಕಿವಿ ಕೇಳದ ಮಕ್ಕಳು ಯಾರಾದರೂ ಇದ್ದಾರೆಯೇ, ಪದೇಪದೇ ಗರ್ಭಪಾತವಾದವರು ಯಾರು. ಯಾವ ದುಬಾರಿ ಯಂತ್ರವೂ ಹೇಳದಷ್ಟನ್ನು ಆ ಉತ್ತರಗಳು ಹೇಳುತ್ತವೆ. ಅಂಥದ್ದೇನಾದರೂ ಸಿಕ್ಕರೆ ವೈದ್ಯಕೀಯ ಅನುವಂಶೀಯತೆಯ ತಜ್ಞರನ್ನು ಕಾಣಿ, ಯಾವ ಜೀನ್ ನೋಡಬೇಕೆಂದು ಅವರು ಹೇಳಬಲ್ಲರು. ಏನೂ ಸಿಗದಿದ್ದರೆ ಅಪಾಯ ಕಡಿಮೆಯಾಗುತ್ತದೆ, ಶೂನ್ಯವಾಗುವುದಿಲ್ಲ. ಬಸಿರಿನಲ್ಲಿ ಸ್ಕ್ಯಾನಿಂಗ್, ಹುಟ್ಟಿದ ಕೂಸಿಗೆ ಕಿವಿಯ ಪರೀಕ್ಷೆ ಆಗಲೂ ಬೇಕು.

ನೀವು ಮೂವರು ಮಕ್ಕಳು ಬಿಸಿಆರ್-ಎಬಿಎಲ್ ಪರೀಕ್ಷೆಯನ್ನಾಗಲಿ, ಖಾಸಗಿ ಪ್ರಯೋಗಾಲಯಗಳು ಮಾರುವ ‘ಕ್ಯಾನ್ಸರ್ ಜೀನ್ ಪ್ಯಾಕೇಜ್’ ಆಗಲಿ ಮಾಡಿಸಬೇಕಾಗಿಲ್ಲ. ಆ ಹಣ ತಂದೆಯವರ ಆರನೇ ತಿಂಗಳ ಪಿಸಿಆರ್‌ಗೆ ಇರಲಿ, ಅದಕ್ಕೆ ಇನ್ನು ಎರಡೇ ತಿಂಗಳಿದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವುದಕ್ಕೆ ನೆರವು ಸಿಗುತ್ತದೆಂದು ಕಲಬುರಗಿಯಲ್ಲಿರುವ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರದಲ್ಲಿಯೋ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಜಿಮ್ಸ್‌ನಲ್ಲಿಯೋ ವಿಚಾರಿಸಿ. ಸಾಧ್ಯವಾದಮಟ್ಟಿಗೆ ಪ್ರತಿಸಲವೂ ಒಂದೇ ಪ್ರಯೋಗಾಲಯಕ್ಕೆ ರಕ್ತ ಕೊಡಿ, ಬೇರೆ ಬೇರೆ ಕಡೆಯ ಪಿಸಿಆರ್ ಸಂಖ್ಯೆಗಳನ್ನು ಒಂದಕ್ಕೊಂದು ಹೋಲಿಸುವುದು ಕಷ್ಟ. ವರದಿ 1 ಪರ್ಸೆಂಟ್‌ಗಿಂತ ಮೇಲೆ ಬಂದರೆ ಗಾಬರಿಯಾಗಬೇಡಿ. ಮಾತ್ರೆ ಎಷ್ಟು ದಿನ ತಪ್ಪಿತು ಎಂಬುದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಪರೀಕ್ಷೆ ಮತ್ತೊಮ್ಮೆ ಮಾಡಿಸುವುದೋ ಔಷಧ ಬದಲಿಸುವುದೋ ಎಂಬುದು ಆ ಉತ್ತರದ ಮೇಲೆ ನಿಂತಿರುತ್ತದೆ.